ಹುತ್ತದ ಅಣಬೆ ಮತ್ತು ಬಿಲದ ಇಲಿ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬಸದಿಯ ಪ್ರತಿಷ್ಠೆಯಂತಹ ಮಂಗಳ ಸಂದರ್ಭದಲ್ಲಿ ಅಣಬೆಯ ಹೆಸರನ್ನೂ ಇಲಿಯ ಹೆಸರನ್ನೂ ಎತ್ತುವುದು ಉಚಿತವೇ ಎಂಬ ಶಂಕೆ ನನ್ನನ್ನು ಬಹಳ ಕಾಡಿತು. ಅಣಬೆ ನಿಮ್ಮ ಅಡುಗೆಮನೆಯ ಹೊಸ್ತಿಲನ್ನು ಎಂದೂ ದಾಟದ ವಸ್ತು. ಇಲಿಯಾದರೋ ಕರೆಯದೆಯೇ ಎಲ್ಲರ ಹೊಸ್ತಿಲನ್ನೂ ದಾಟುವ ಪ್ರಾಣಿ. ಜೀವದಯೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಕೊಡಿಸಿದಾಗ, ಹುಲಿ ಆನೆಗಳನ್ನು ಕುರಿತು ಮಾತನಾಡಲು ನನಗಿಂತ ಬಲ್ಲವರು ಎಷ್ಟೋ ಮಂದಿ ಇದ್ದಾರೆಂಬುದು ಮೊದಲು ತೋಚಿತು. ನಾನು ಶ್ರಾವಕ ಕುಲದಲ್ಲಿ ಹುಟ್ಟಿದವನಲ್ಲ. ಈ ಸೀಮೆಯ ಒಕ್ಕಲು ಮನೆತನದವನು, ಮಕ್ಕಳಿಗೆ ಜೀವಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ನನ್ನ ಹೊಲದ ಬದುವಿನಲ್ಲಿ ಕಂಡದ್ದನ್ನೂ ನನ್ನ ಪಾಠದ ಪುಸ್ತಕಗಳಲ್ಲಿ ಓದಿದ್ದನ್ನೂ ಒಟ್ಟಿಗಿಟ್ಟು ನಿಮ್ಮ ಮುಂದೆ ನಿವೇದಿಸುವುದೇ ಪ್ರಾಮಾಣಿಕವಾದ ಮಾರ್ಗವೆಂದು ಈ ವಿಷಯವನ್ನು ಆರಿಸಿಕೊಂಡೆ.

ನಮ್ಮ ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಚನ್ನಗಿರಿಯ ಪಶ್ಚಿಮ ಭಾಗ, ಉಬ್ರಾಣಿಯ ಕಡೆ, ಮಲೆನಾಡಿನ ಅಂಚನ್ನು ಮುಟ್ಟುತ್ತದೆ. ನ್ಯಾಮತಿಯ ತೀರ್ಥರಾಮೇಶ್ವರದ ಗುಡ್ಡಗಳಲ್ಲಿ ಎಲೆಯುದುರುವ ಕಾಡಿದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಹೊಲಗಳು. ಜಗಳೂರಿಗೆ ಬಂದರೆ ಕುರುಚಲು ಗುಡ್ಡ, ಗರಸು ಮಣ್ಣು, ಮಳೆಯನ್ನು ನಂಬಿದ ಬೇಸಾಯ. ಚನ್ನಗಿರಿ ಹೊನ್ನಾಳಿಗಳು ಹಿಂದೆ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದು 1997ರಲ್ಲಿ ದಾವಣಗೆರೆ ಜಿಲ್ಲೆಯಾಗಿ ಒಂದಾದವು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಈ ಗಡಿಗಳು ಮನುಷ್ಯರ ಕಾಗದದ ಮೇಲಿನವು. ಮಣ್ಣಿನೊಳಗೆ ಬಾಳುವ ಜೀವಿಗಳಿಗೆ ಕೆಂಪು ನೆಲ, ಎರೆ ನೆಲ, ಉತ್ತ ನೆಲ, ಉಳದ ನೆಲ ಎಂಬ ಗಡಿಗಳು ಮಾತ್ರ ಗೊತ್ತು.

ಮೊದಲು ಅಣಬೆಯ ಮಾತು. ಆರಿದ್ರಾ ಮಳೆ ಹಿಡಿದು ಗುಡುಗು ಹಾಕಿದ ಮೇಲೆ ಹುತ್ತದ ಸುತ್ತ ಬೆಳ್ಳಗೆ ಅಣಬೆ ಏಳುತ್ತದೆ. ಗುಡುಗಿನ ಸದ್ದಿಗೆ ಅಣಬೆ ಹುಟ್ಟುತ್ತದೆಂದು ನಮ್ಮ ಹಿರಿಯರು ನಂಬಿದ್ದರು. ಕಾಳಿದಾಸನೂ ಮೇಘದೂತದಲ್ಲಿ ಮೋಡದ ಗರ್ಜನೆಗೂ ನೆಲದಿಂದ ಏಳುವ ಅಣಬೆಗೂ ನಂಟು ಕಲ್ಪಿಸಿದ್ದಾನೆ. ಅವನು ಬಳಸಿದ ಶಿಲೀಂಧ್ರವೆಂಬ ಶಬ್ದವೇ ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ ಈ ಇಡೀ ಜೀವವರ್ಗದ ಹೆಸರಾಗಿ ನಿಂತಿದೆ. ಕಾಡಿನ ದರಗಿನಲ್ಲಿ, ಕೊಳೆತ ಮರದಲ್ಲಿ ಏಳುವ ನಾಯಿಕೊಡೆಗಳು ಬೇರೆ. ನಾನು ಹೇಳುತ್ತಿರುವುದು ಹುತ್ತದ ಅಣಬೆಯನ್ನು. ಮಲೆನಾಡಿನ ಕಡೆ ಇದರಲ್ಲಿ ದೊಡ್ಡದಕ್ಕೆ ಹೆಗ್ಗಾಲಣಬೆ ಎಂದೂ ಚಿಕ್ಕದಕ್ಕೆ ನುಚ್ಚಣಬೆ ಎಂದೂ ಹೆಸರು. ವಿಜ್ಞಾನಿಗಳು ಇದನ್ನು ಟರ್ಮಿಟೊಮೈಸಿಸ್ ಎನ್ನುತ್ತಾರೆ, ಎಂದರೆ ಗೆದ್ದಲಿನ ಶಿಲೀಂಧ್ರ. 1942ರಲ್ಲಿ ಫ್ರಾನ್ಸಿನ ರೋಜರ್ ಹೀಮ್ ಎಂಬ ವಿದ್ವಾಂಸರು ಈ ಹೆಸರನ್ನಿಟ್ಟರು. ದಕ್ಷಿಣ ಭಾರತದ ಒಂದು ಪ್ರಭೇದಕ್ಕೆ 1979ರಲ್ಲಿ ನಟರಾಜನ್ ಅವರು ಅದೇ ಹೀಮ್ ಅವರ ಹೆಸರನ್ನು ಕೊಟ್ಟರು.

ನಾವು ಕಾಣುವ ಕೊಡೆ ಈ ಜೀವಿಯ ಅತ್ಯಲ್ಪ ಭಾಗ. ಅದನ್ನು ಮೆಲ್ಲಗೆ ಕೀಳಲು ಹೋದರೆ ಕಾಂಡದ ಕೆಳಗೆ ಬೇರಿನಂತಹ ಒಂದು ಎಳೆ ಮಣ್ಣಿನೊಳಕ್ಕೆ ಇಳಿದು ಹೋಗಿರುವುದು ಕಾಣುತ್ತದೆ. ಅದು ಬೇರಲ್ಲ, ಕಾಂಡದ ಮುಂದುವರಿಕೆಯೇ. ಅದರ ಜಾಡು ಹಿಡಿದು ಇಳಿದರೆ ಗೆದ್ದಲಿನ ಕೋಣೆಗೆ ಮುಟ್ಟುತ್ತೇವೆ. ಅಲ್ಲಿ ಜೇನುಹುಟ್ಟಿನಂತೆ, ಸುಕ್ಕುಗಟ್ಟಿದ ಬೂದುಬಣ್ಣದ ಒಂದು ರಚನೆಯಿರುತ್ತದೆ. ಕೂಲಿ ಗೆದ್ದಲುಗಳು ಒಣಹುಲ್ಲು, ತರಗು, ಸತ್ತ ಕಟ್ಟಿಗೆಗಳನ್ನು ಅಗಿದು ತಂದು ಕಟ್ಟಿದ ತೋಟವದು. ಕಟ್ಟಿಗೆಯನ್ನು ಗೆದ್ದಲು ಸಂಪೂರ್ಣವಾಗಿ ಜೀರ್ಣಿಸಿಕೊಳ್ಳಲಾರದು. ಅಣಬೆಯ ನೂಲುಗಳು ಆ ತೋಟದಲ್ಲಿ ಹಬ್ಬಿ ಅದನ್ನು ಮೆದುಗೊಳಿಸುತ್ತವೆ, ಸಾಸಿವೆಕಾಳಿನಂತಹ ಬಿಳಿಯ ಗಂಟುಗಳನ್ನು ಬಿಡುತ್ತವೆ, ಗೆದ್ದಲು ಅವನ್ನು ತಿನ್ನುತ್ತದೆ. ಅಣಬೆಗೆ ಗೆದ್ದಲು ಹದವಾದ ತೇವವನ್ನೂ ಬಿಸಿಯನ್ನೂ ಕಾಪಾಡಿಕೊಡುತ್ತದೆ, ಬೇರೆ ಬೂಷ್ಟುಗಳು ಸೇರದಂತೆ ಕಳೆ ತೆಗೆಯುತ್ತದೆ. ಮನುಷ್ಯನು ನೇಗಿಲು ಹಿಡಿದು ಹತ್ತು ಹನ್ನೆರಡು ಸಾವಿರ ವರ್ಷಗಳಾಗಿರಬಹುದು. ಗೆದ್ದಲು ಈ ಬೇಸಾಯವನ್ನು ಆಫ್ರಿಕಾ ಖಂಡದಲ್ಲಿ ಆರಂಭಿಸಿ ಸುಮಾರು ಮೂರು ಕೋಟಿ ವರ್ಷಗಳಾದವೆಂದು ತಜ್ಞರ ಎಣಿಕೆ. ಮಳೆ ಬಂದು ಮಣ್ಣು ಮೆತ್ತಗಾದಾಗ ತೋಟದಿಂದ ಮೊಳಕೆಯೊಂದು ಮೇಲಕ್ಕೆ ಹೊರಡುತ್ತದೆ. ಅದರ ನೆತ್ತಿಯ ನಡುವೆ ಒಂದು ಗಟ್ಟಿಯಾದ ಮೊನೆ. ನೆಲವನ್ನು ಸೀಳಿ ಬರುವುದಕ್ಕಾಗಿ ಪ್ರಕೃತಿ ಕೊಟ್ಟ ಗುಳ ಅದು. ನುಚ್ಚಣಬೆಯ ರೀತಿ ಬೇರೆ: ಗೆದ್ದಲುಗಳೇ ತೋಟದ ಚೂರುಗಳನ್ನು ಹೊರಗೆ ತಂದು ಹರಡುತ್ತವೆ, ಅವುಗಳ ಮೇಲೆ ನುಚ್ಚು ಚೆಲ್ಲಿದಂತೆ ಸಣ್ಣ ಸಣ್ಣ ಅಣಬೆಗಳು ನೂರುಗಟ್ಟಲೆ ಏಳುತ್ತವೆ.

ಅಣಬೆ ಬೇಸಾಯದ ತರಬೇತಿಗಳು ಈಗ ಎಲ್ಲೆಡೆ ನಡೆಯುತ್ತವೆ. ಚಿಪ್ಪಣಬೆಯನ್ನು ಹುಲ್ಲಿನ ಚೀಲದಲ್ಲಿ ಯಾರು ಬೇಕಾದರೂ ಬೆಳೆಯಬಹುದು. ಹುತ್ತದ ಅಣಬೆಯನ್ನು ಮಾತ್ರ ಗೆದ್ದಲಿನ ನೆರವಿಲ್ಲದೆ ಬೆಳೆಯುವ ವಿದ್ಯೆ ಮನುಷ್ಯನಿಗೆ ಒಲಿದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

ಇನ್ನು ಇಲಿಯ ಮಾತು. ಇಲಿಗಳ ವಿಷಯದಲ್ಲಿ ನಮ್ಮ ಸೀಮೆಗೆ ಬಹಳ ಸಮೀಪದ, ಬಹಳ ಹಳೆಯ ಒಂದು ಬರಹವಿದೆ. 1824ರ ಕಿತ್ತೂರಿನ ಯುದ್ಧದಲ್ಲಿ ಥ್ಯಾಕರೆ ಮಡಿದಾಗ ಚೆನ್ನಮ್ಮ ರಾಣಿಯ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಎಲಿಯಟ್ ಎಂಬಾತ ಒಬ್ಬನೆಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದೇ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಪ್ರತಿ ಮಾಡಿಸಿದ. ಬಸದಿಗಳ ಇತಿಹಾಸ ಬರೆಯುವವರು ಅವನಿಗೆ ಋಣಿಗಳು. ಆದರೆ ಅವನು 1839ರಲ್ಲಿ ಮದರಾಸಿನ ಒಂದು ಪತ್ರಿಕೆಯಲ್ಲಿ ಈ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದನೆಂಬುದು ಅಷ್ಟಾಗಿ ತಿಳಿದಿಲ್ಲ. ಧಾರವಾಡದ ಕಡೆ ಓಡಾಡಿದ ಅವನು ಇಲಿಗಳ ಸಂಗತಿಯನ್ನು ಕಲಿತದ್ದು ನಮ್ಮ ಜನರಿಂದ, ವಿಶೇಷವಾಗಿ ಕೆರೆ ಕಟ್ಟೆಗಳನ್ನು ಅಗೆದು ಕಟ್ಟಿದ ಜನರಿಂದ. ಅವನು ಒಡ್ಡರೆಂದು ಬರೆದ ಅವರನ್ನು ಈಗ ನಾವು ಭೋವಿ ಸಮುದಾಯದವರೆನ್ನುತ್ತೇವೆ. ಅವರು ಹೇಳಿದ ಹೆಸರುಗಳನ್ನು ಆತ ಹಾಗೆಯೇ ಬರೆದುಕೊಂಡ. ಆ ಹೆಸರುಗಳು ಲಂಡನ್ನಿಗೆ ಹೋಗಿ ಜಗತ್ತಿನ ವಿಜ್ಞಾನಗ್ರಂಥಗಳನ್ನು ಸೇರಿದವು. ಲೆಗ್ಗಡೆ ಎಂಬುದು ಲೆಗ್ಗಡ ಆಯಿತು; ಕನ್ನಡದ ಗುಳಂಡಿ ಗೋಲುಂಡ ಆಯಿತು; ಮೆತ್ತಡೆ ಎಂಬುದು ಮೆಲ್ಟಡ ಎಂದು ಅಚ್ಚಾಗಿ ಇಂದಿಗೂ ಹಾಗೆಯೇ ನಿಂತಿದೆ. ಮಣ್ಣು ಅಗೆಯುವವರ ಬಾಯಿಮಾತು ಹೀಗೆ ಶಾಸ್ತ್ರದ ಮಾತಾದದ್ದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರು ತಲೆಯೆತ್ತಿ ಕೂರುತ್ತಿದ್ದರು.

ಲೆಗ್ಗಡೆ ಎಂದರೆ ಕಲ್ಲಿಲಿ. ಕೆಂಪು ಗರಸು ನೆಲದ ದಿಬ್ಬದ ಮಗ್ಗುಲಿನಲ್ಲಿ ಬಿಲ ತೋಡುತ್ತದೆ. ಜಗಳೂರಿನ ಗುಡ್ಡದ ತಪ್ಪಲಿನಂತಹ ನೆಲ ಅದಕ್ಕೆ ಹಿತ. ತಾನು ಒಳಗಿರುವಾಗ ಬಿಲದ ಬಾಯನ್ನು ಸಣ್ಣ ಸಣ್ಣ ಹರಳುಗಳಿಂದ ಮುಚ್ಚಿಕೊಳ್ಳುತ್ತದೆ. ಒಳಗೆ ಕೋಣೆಯಲ್ಲಿ ಹರಳುಗಳದೇ ಹಾಸಿಗೆ. ಹೊಟ್ಟೆಯ ಒತ್ತಾದ ಕೂದಲು ಅದಕ್ಕೆ ಕಂಬಳಿ. ಎಲಿಯಟ್ ಇಷ್ಟನ್ನೂ ವಿವರವಾಗಿ ಬರೆದಿದ್ದಾನೆ. ಒಮ್ಮೆ ಓದಿದವರು ಗುಡ್ಡದ ಮಗ್ಗುಲಲ್ಲಿ ಹರಳಿನ ಗುಪ್ಪೆ ಕಂಡರೆ ಕಾಲೆತ್ತಿಡದೆ ನಿಲ್ಲುತ್ತಾರೆ.

ಮೆತ್ತಡೆಯ ರೀತಿ ಇದಕ್ಕೆ ವಿರುದ್ಧ. ಅದು ಮೃದು ತುಪ್ಪಳದ ಹೊಲದ ಇಲಿ. ತೋಡುವುದರಲ್ಲಿ ಸೋಮಾರಿ, ಪೊದೆಯ ಬುಡದಲ್ಲಿಯೋ ಹೊಲದಲ್ಲಿ ಆಯ್ದು ಒಟ್ಟಿದ ಕಲ್ಲುರಾಶಿಯಲ್ಲಿಯೋ ಬೇರೆ ಇಲಿ ಬಿಟ್ಟುಹೋದ ಬಿಲದಲ್ಲಿಯೋ ಇದ್ದುಬಿಡುತ್ತದೆ. ಬೇಸಗೆಯಲ್ಲಿ ಎರೆ ನೆಲ ಬಾಯಿಬಿಟ್ಟಾಗ ಆ ಬಿರುಕುಗಳೇ ಅದರ ಮನೆ. ಮುಂಗಾರು ಬಿದ್ದೊಡನೆ ಎರೆ ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಒಳಗಿದ್ದ ಮೆತ್ತಡೆಗಳು ಅಸಂಖ್ಯಾತವಾಗಿ ಸಾಯುತ್ತವೆ. 1826ರಲ್ಲಿ ಮುಂಗಾರು ಕೈಕೊಟ್ಟಿತು. ಬಿರುಕುಗಳು ಮುಚ್ಚಲಿಲ್ಲ. ಇಲಿಗಳು ಹೆಚ್ಚಿ ಹೆಚ್ಚಿ, ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲವೆಂದು ಕಣ್ಣಾರೆ ಕಂಡ ಎಲಿಯಟ್ ಬರೆಯುತ್ತಾನೆ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಒಂದೇ ಮಳೆ. ಆ ಮಳೆ ಕೆಂಪು ನೆಲದ ಹುತ್ತದ ಬಳಿ ಬಿದ್ದಾಗ ವರ್ಷವೆಲ್ಲ ಕತ್ತಲಲ್ಲಿದ್ದ ಅಣಬೆಯನ್ನು ಬೆಳಕಿಗೆ ಎತ್ತುತ್ತದೆ. ಅದೇ ಮಳೆ ಎರೆಹೊಲದಲ್ಲಿ ಬಿದ್ದಾಗ ಮೆತ್ತಡೆಯನ್ನು ಕತ್ತಲಲ್ಲಿಯೇ ಹೂಳುತ್ತದೆ. ಅಣಬೆಗೆ ಬರ ಬಂದ ವರ್ಷ ಇಲಿಗೆ ಸುಭಿಕ್ಷ. ಒಕ್ಕಲಿಗನಾದ ನನ್ನ ಅಜ್ಜನಿಗೆ ಈ ಲೆಕ್ಕ ಅಕ್ಷರವಿಲ್ಲದೆ ಗೊತ್ತಿತ್ತು. ಅಣಬೆ ಏಳದ ವರ್ಷ ಅವನು ಬೀಜದ ಗುಡಾಣದ ಬಾಯನ್ನು ಇನ್ನೊಮ್ಮೆ ಸಗಣಿ ಮಣ್ಣಿನಿಂದ ಮೆತ್ತುತ್ತಿದ್ದ.

ಹೋಲಿಕೆಯೂ ಕಡಿಮೆಯಿಲ್ಲ. ಎರಡೂ ನೆಲದೊಳಗಿನ ಜೀವ. ಅಣಬೆಯನ್ನು ಅದರ ಕೊಡೆಯಿಂದ ಗುರುತಿಸುತ್ತೇವೆ, ಇಲಿಯನ್ನು ಅದರ ಬಿಲದಿಂದ. ಎರಡರ ಬಾಳೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಹೋಲಿಕೆ ನಿಮಗೆ ಆಶ್ಚರ್ಯವಾಗಬಹುದು. ಅಣಬೆ ಗಿಡಗಳ ಕಡೆಗೆ ಸೇರಿದ್ದೆಂದು ನಾನು ವಿದ್ಯಾರ್ಥಿಯಾಗಿದ್ದಾಗ ಕಲಿತೆ. 1969ರಲ್ಲಿ ವಿಟ್ಟೇಕರ್ ಎಂಬ ವಿಜ್ಞಾನಿ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ಮುಂದೆ ವಂಶವಾಹಿಗಳ ಪರೀಕ್ಷೆ ಬಂದ ಮೇಲೆ ತಿಳಿದದ್ದೇನೆಂದರೆ, ಅಣಬೆಯ ವಂಶ ಗಿಡಕ್ಕಿಂತ ಪ್ರಾಣಿಗೆ ಸಮೀಪ. ಗಿಡದಂತೆ ಅದು ಬಿಸಿಲಿನಿಂದ ಅನ್ನ ಮಾಡಿಕೊಳ್ಳದು; ನಮ್ಮಂತೆ ಪರರು ಮಾಡಿದ ಅನ್ನವನ್ನೇ ಉಣ್ಣುತ್ತದೆ. ಏಡಿ, ಜೀರುಂಡೆಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವೇ ಅದರ ಮೈಗೋಡೆಯಲ್ಲಿದೆ. ಹಾಗಾಗಿ ಹುತ್ತದ ಮೇಲಿನ ಬೇವಿನ ಮರಕ್ಕಿಂತ ಹುತ್ತದೊಳಗಿನ ಇಲಿಯೇ ಅಣಬೆಗೆ ಹತ್ತಿರದ ದಾಯಾದಿ.

ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಗೊಮ್ಮಟಸಾರದಂತಹ ಗ್ರಂಥಗಳಲ್ಲಿ ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿರುವ ಕ್ರಮ ನಿಮಗೆಲ್ಲ ತಿಳಿದದ್ದು. ಚಾವುಂಡರಾಯನ ಗುರುಗಳಾದ ನೇಮಿಚಂದ್ರಾಚಾರ್ಯರ ಆ ಕೃತಿಗೆ ಕೇಶವಣ್ಣ 1359ರಲ್ಲಿ ಕನ್ನಡದಲ್ಲಿ ವೃತ್ತಿಯನ್ನು ಬರೆದದ್ದು ನಮ್ಮ ಭಾಷೆಯ ಭಾಗ್ಯ. ಆ ಕ್ರಮದಲ್ಲಿ ವನಸ್ಪತಿ ಏಕೇಂದ್ರಿಯ. ಅದರಲ್ಲಿಯೂ ಒಂದೇ ದೇಹದಲ್ಲಿ ಅನಂತ ಜೀವಗಳು ನೆಲೆಸಿದವನ್ನು ಸಾಧಾರಣವೆಂದು ಪ್ರತ್ಯೇಕಿಸಿ, ಅಣಬೆಯಂತಹವನ್ನು ಆ ಕಾರಣದಿಂದ ಅಭಕ್ಷ್ಯವೆಂದರು. ಗೆದ್ದಲು ತ್ರೀಂದ್ರಿಯ, ಇಲಿ ಪಂಚೇಂದ್ರಿಯ. ಹಿಂದಿನವರು ಇಂದಿನ ವಿಜ್ಞಾನವನ್ನೆಲ್ಲ ಮೊದಲೇ ಹೇಳಿಬಿಟ್ಟಿದ್ದರೆಂದು ವೇದಿಕೆಗಳಲ್ಲಿ ಹೇಳುವುದು ಸುಲಭ, ಚಪ್ಪಾಳೆಯೂ ಬೀಳುತ್ತದೆ. ಆದರೆ ಒಂದು ಬಂಧಮೋಕ್ಷಗಳ ವಿಚಾರ, ಇನ್ನೊಂದು ಸೂಕ್ಷ್ಮದರ್ಶಕದ ವಿಚಾರ. ಬಲವಂತವಾಗಿ ಅವುಗಳ ಕೈ ಹಿಡಿಸುವ ಪುರೋಹಿತ ನಾನಲ್ಲ. ನಾನು ಗಮನಿಸುವುದು ಇಷ್ಟೇ: ಒಂದೇ ಒಂದು ಹುತ್ತದಲ್ಲಿ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳು ಒಂದನ್ನೊಂದು ಆಶ್ರಯಿಸಿ ನಿಂತಿವೆ. ಶ್ರವಣಬೆಳಗೊಳದ ಶಿಲ್ಪಿ ಬಾಹುಬಲಿ ಸ್ವಾಮಿಯ ಕಾಲ ಬಳಿ ಹುತ್ತವನ್ನು ಕೆತ್ತಿ, ಅದರಿಂದ ಸರ್ಪಗಳು ಹೊರಬರುವಂತೆ ತೋರಿಸಿದ್ದಾನೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬರುವುದು ಸುಮ್ಮನೆ ಅಲ್ಲ. ಅಲ್ಲಿ ತಂಪಿದೆ, ಅಲ್ಲಿ ಇಲಿ ಇದೆ.

ಇಷ್ಟು ಪೀಠಿಕೆಯಾದ ಮೇಲೆ ಅಳಿವಿನ ವಿಚಾರಕ್ಕೆ ಬರುತ್ತೇನೆ. ಮೆತ್ತಡೆ ಅಳಿವಿನ ಅಂಚಿನಲ್ಲಿಲ್ಲ. ಅದಕ್ಕೆ ಒಬ್ಬ ಸೋದರನಿದ್ದಾನೆ. ಪುಣೆಯ ಬಳಿಯ ಸಿಂಹಗಡಕ್ಕೆ ಹಿಂದಿನ ಹೆಸರು ಕೋಂಡಾಣ. ತಾನಾಜಿ 1670ರಲ್ಲಿ ಪ್ರಾಣಕೊಟ್ಟು ಗೆದ್ದ ದುರ್ಗ ಅದು. 1975ರಲ್ಲಿ ಮಿಶ್ರ ಮತ್ತು ಧಂಡಾ ಎಂಬ ಇಬ್ಬರು ಸಂಶೋಧಕರು ಆ ಬೆಟ್ಟದ ಮೇಲಿನ ಇಲಿಯೊಂದು ಮೆತ್ತಡೆಯ ಕುಲದ್ದೇ ಆದರೂ ಅದಕ್ಕಿಂತ ದೊಡ್ಡದಾದ, ಬೇರೆಯೇ ಆದ ಪ್ರಭೇದವೆಂದು ಗುರುತಿಸಿ ಅದಕ್ಕೆ ದುರ್ಗದ ಹೆಸರನ್ನೇ ಇಟ್ಟರು. ಸಹ್ಯಾದ್ರಿಯ ಕೆಲವೇ ಎತ್ತರದ ನೆಲಗಳನ್ನು ಬಿಟ್ಟರೆ ಈ ಇಲಿ ಲೋಕದಲ್ಲಿ ಬೇರೆಲ್ಲಿಯೂ ಕಂಡುಬಂದಿಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಭೀತಿಯಲ್ಲಿರುವ ಪ್ರಾಣಿ. ತಮಿಳುನಾಡಿನ ಸೇಲಂ ಜಿಲ್ಲೆಯ ಎಲ್ವಿರಾ ಎಂಬ ಬಂಡೆಯ ಇಲಿಯ ಸ್ಥಿತಿ ಇದಕ್ಕಿಂತಲೂ ವಿಷಮ. ನಮ್ಮದೇ ಕೊಡಗಿನ ಕಾಡುಗಳಲ್ಲಿ, ಮರದ ಪೊಟರೆಯಲ್ಲಿ ವಾಸಿಸುವ, ಬಾಲದ ತುದಿ ಕುಂಚದಂತಿರುವ ಮುಳ್ಳಿಲಿಯೊಂದಿದೆ. ಮೆಣಸಿನ ಬಳ್ಳಿಗೆ ಬರುತ್ತದೆಂದು ಹಿಂದೆ ಅದನ್ನು ಹಿಡಿದು ಕೊಲ್ಲುತ್ತಿದ್ದರು. ಅದೂ ಅಪಾಯದ ಪಟ್ಟಿಯಲ್ಲಿದೆ.

ಸೋದರರಲ್ಲಿ ಒಬ್ಬ ಸಾವಿರಗಟ್ಟಲೆ ಕೊಂದರೂ ಕುಗ್ಗದವನು, ಇನ್ನೊಬ್ಬ ಬೆಟ್ಟದ ನೆತ್ತಿಯ ಹುಲ್ಲು ತುಳಿದುಹೋದರೆ ಕುಗ್ಗುವವನು. ವ್ಯತ್ಯಾಸ ರಕ್ತದಲ್ಲಿಲ್ಲ, ನೆಲದಲ್ಲಿದೆ. ಮೆತ್ತಡೆಯ ನೆಲ ಎಂದರೆ ದಖ್ಖನಿನ ಹೊಲಗಳೆಲ್ಲ. ಕೋಂಡಾಣದ ಇಲಿಯ ನೆಲವೋ ಬೆರಳೆಣಿಕೆಯ ಗುಡ್ಡದ ತಲೆಗಳು. ಅಲ್ಲಿಗೆ ಪ್ರವಾಸಿಗಳು, ದನಕರುಗಳು, ಕಟ್ಟಡಗಳು ಬಂದರೆ ಅದು ಇಳಿದು ಹೋಗಲು ಮತ್ತೊಂದು ಮನೆಯಿಲ್ಲ. ಕಾನೂನಿನ ಕಣ್ಣಿಗಂತೂ ಬಹುಕಾಲ ಎಲ್ಲ ಇಲಿಯೂ ಒಂದೇ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಐದನೆಯ ಅನುಸೂಚಿ ಉಪದ್ರವಕಾರಿ ಪ್ರಾಣಿಗಳದು. ಅದರಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿಗಳ ಜೊತೆಗೆ ಇಲಿ ಎಂಬ ಒಂದೇ ಮಾತಿತ್ತು. ಆ ಮಾತು ಯಾವ ಇಲಿ ಎಂದು ಕೇಳುತ್ತಿರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಿದರು. ಐವತ್ತು ವರ್ಷ ಹಿಡಿಯಿತು.

ಆದರೂ ಇಲಿಗೆ ಕಾಯಿದೆಯಲ್ಲಿ ಬೈಗುಳದ ಸ್ಥಾನವಾದರೂ ಇತ್ತು. ಅಣಬೆಗೆ ಅದೂ ಇಲ್ಲ. ಜಗತ್ತಿನಲ್ಲಿ ಹೆಸರಿಟ್ಟಿರುವ ಶಿಲೀಂಧ್ರಗಳೇ ಸುಮಾರು 1,55,000. ಹೆಸರಿಡದವು ಇಪ್ಪತ್ತು ಲಕ್ಷವನ್ನು ಮೀರಬಹುದೆಂದು ಅಂದಾಜು. ಕೆಂಪು ಪಟ್ಟಿಯವರು 2025ರ ಮಾರ್ಚ್ ವೇಳೆಗೆ ಪರಿಶೀಲಿಸಿದ್ದ ಶಿಲೀಂಧ್ರಗಳು 1,300. ಅವುಗಳಲ್ಲಿ 411ಕ್ಕಾದರೂ ಅಳಿವಿನ ಭೀತಿಯಿದೆಯೆಂದು ಕಂಡಿತು. ಲೆಕ್ಕಕ್ಕೆ ಬಂದವುಗಳಲ್ಲಿ ಮೂರಕ್ಕೆ ಒಂದರಂತೆ ಆಯಿತಲ್ಲವೇ? ಲೆಕ್ಕಕ್ಕೆ ಬಾರದವುಗಳ ಪಾಡು ಲೆಕ್ಕಕ್ಕೆ ಬಾರದು.

ಈ ಎರಡು ಬಗೆಯ ಜೀವಗಳನ್ನು ಬೇರೆ ಬೇರೆಯಾಗಿ ಕಾಪಾಡಲು ಬರುವುದಿಲ್ಲವೆಂಬುದಕ್ಕೆ ದೂರದ ಒಂದು ನಿದರ್ಶನ ಕೊಡುತ್ತೇನೆ. ಅಮೆರಿಕದ ಕ್ಯಾರೊಲೈನಾ ಪ್ರಾಂತದ ಎತ್ತರದ ಬೆಟ್ಟಗಳಲ್ಲಿ ಹಾರುವ ಅಳಿಲೊಂದಿದೆ. 1985ರಲ್ಲಿ ಅಲ್ಲಿನ ಸರ್ಕಾರ ಅದನ್ನು ಅಳಿವಿನಂಚಿನ ಪ್ರಾಣಿಯೆಂದು ಘೋಷಿಸಿತು. ಅಳಿಲೂ ಇಲಿಯ ಗಣದ್ದೇ. ಅದರ ಮುಖ್ಯ ಆಹಾರಗಳಲ್ಲಿ ಒಂದು ನೆಲದೊಳಗೆ ಗೆಡ್ಡೆಯಂತೆ ಬೆಳೆಯುವ ಒಂದು ಶಿಲೀಂಧ್ರ. ಆ ಶಿಲೀಂಧ್ರ ಅಲ್ಲಿನ ಸ್ಪ್ರೂಸ್ ಮರದ ಬೇರನ್ನು ಅಪ್ಪಿಕೊಂಡು, ಮರಕ್ಕೆ ನೀರು ಲವಣಗಳನ್ನು ಒದಗಿಸಿ, ಮರದಿಂದ ಸಕ್ಕರೆ ಪಡೆಯುತ್ತದೆ. ಅದು ಗಾಳಿಗೆ ಬೀಜಧೂಳಿಯನ್ನು ತೂರಲಾರದು. ಅಳಿಲು ವಾಸನೆ ಹಿಡಿದು, ಅಗೆದು, ತಿಂದು, ಹಿಕ್ಕೆಯಲ್ಲಿ ಆ ಧೂಳಿಯನ್ನು ಕಾಡೆಲ್ಲ ಹರಡುತ್ತದೆ. ಮರ ಕಡಿದರೆ ಶಿಲೀಂಧ್ರವಿಲ್ಲ, ಶಿಲೀಂಧ್ರವಿಲ್ಲದೆ ಅಳಿಲಿನ ಅನ್ನವಿಲ್ಲ, ಅಳಿಲಿಲ್ಲದೆ ಹೊಸ ಸಸಿಯ ಬೇರಿಗೆ ಶಿಲೀಂಧ್ರ ಮುಟ್ಟುವುದು ಕಷ್ಟ.

ನಮ್ಮ ಸೀಮೆಗೆ ಮರಳೋಣ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಯ ವನ್ಯಜೀವಿಧಾಮವೆಂದು ಘೋಷಿಸಿದರು. ನಾಲ್ಕು ಕೊಂಬಿನ ಆ ಸಾಧುಪ್ರಾಣಿಯ ಹೆಸರಿನಲ್ಲಿ ಕಾಯ್ದ ನೆಲದಲ್ಲಿ ಕಲ್ಲಿಲಿಗೂ ಹುತ್ತಕ್ಕೂ ಅವುಗಳ ಹೆಸರೆತ್ತದೆಯೇ ರಕ್ಷಣೆ ದೊರೆಯಿತು. ಇದು ಸಂತೋಷದ ಸಂಗತಿ. ಧಾಮದ ಹೊರಗಿನ ಮಾತು ಬೇರೆ. ಭದ್ರೆಯ ನಾಲೆ ಬಂದ ಕಡೆ, ಕೊಳವೆಬಾವಿ ಬಂದ ಕಡೆ, ಚನ್ನಗಿರಿಯಲ್ಲಿ ಅಡಿಕೆ ಹಬ್ಬುತ್ತಿದೆ. ಹೊನ್ನಾಳಿ, ಜಗಳೂರುಗಳ ಮಳೆಯ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿದೆ. ಒಕ್ಕಲಿಗನ ಹೊಟ್ಟೆಗೆ ಅದು ಬೇಕು. ಅದನ್ನು ದೂರಲು ನಾನು ಬಂದಿಲ್ಲ. ಆದರೆ ಹಿಂದೆ ಎತ್ತಿನ ನೇಗಿಲು ಹುತ್ತವನ್ನು ಬಳಸಿ ಹೋಗುತ್ತಿತ್ತು. ಬದು ಅಗಲವಾಗಿತ್ತು, ಬದುವಿನ ಮೇಲೆ ಕಾರೆ, ತಂಗಡಿ, ಕಲ್ಲುರಾಶಿ, ಹುತ್ತ ಎಲ್ಲವೂ ಇದ್ದವು. ಈಗಿನ ಜೆಸಿಬಿ ಯಂತ್ರಕ್ಕೆ ಬಳಸಿ ಹೋಗುವ ಅಗತ್ಯವಿಲ್ಲ. ಗೋಮಾಳ ಕಿರಿದಾಯಿತು, ಬದು ಗೆರೆಯಾಯಿತು. ನಾಗರಪಂಚಮಿಯ ದಿನ ಹಾಲೆರೆಯುವ ಊರಮುಂದಿನ ಹುತ್ತ ಮಾತ್ರ ಅರಿಸಿನ ಕುಂಕುಮದ ಬಲದಿಂದ ಉಳಿದಿದೆ. ಹೊಲದ ಹುತ್ತಕ್ಕೆ ಹಾಲೆರೆಯುವವರಿಲ್ಲ.

ಇದನ್ನು ಪರರ ಮೇಲಿನ ದೂರಾಗಿ ಹೇಳುವ ಅಧಿಕಾರ ನನಗಿಲ್ಲ. ಹನ್ನೊಂದು ವರ್ಷಗಳ ಹಿಂದೆ, ನಿವೃತ್ತಿಯ ಹಣ ಕೈಗೆ ಬಂದಾಗ, ನಾನೇ ನನ್ನ ಹೊಲದಲ್ಲಿ ಅಡಿಕೆ ಇಡಲು ನಿಶ್ಚಯಿಸಿ ಮೂಡಣ ಬದುವಿನ ಹುತ್ತವನ್ನು ಕೆಡವಿಸಿದೆ. ನನ್ನ ಎದೆಯೆತ್ತರ ಇದ್ದ ಹುತ್ತ. ನನ್ನ ಅವ್ವ ಪುನರ್ವಸು ಮಳೆಯಲ್ಲಿ ಅದರ ಸುತ್ತ ಅಣಬೆ ಆಯ್ದು ಮುತ್ತುಗದ ಎಲೆಯಲ್ಲಿ ಕಟ್ಟಿ ತರುತ್ತಿದ್ದಳು. ಅದನ್ನುಂಡು ಬೆಳೆದವನು ನಾನು, ಈ ಸಭೆಯಲ್ಲಿ ಮುಚ್ಚಿಡುವುದಿಲ್ಲ. ನನ್ನ ಹೊಲದ ನೆರೆಯವರು ನಿಮ್ಮ ಸಮುದಾಯದ ಹಿರಿಯರೊಬ್ಬರು. ಯಂತ್ರ ಬಂದ ದಿನ ಬೆಳಿಗ್ಗೆ ಅವರು ಬದುವಿನ ಆಚೆ ನಿಂತು, "ಮೇಷ್ಟ್ರೇ, ಒಳಗಿರೋರಿಗೆ ತಿಳಿಸಿದ್ದೀರೇನು?" ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಯಂತ್ರದ ಕೈ ಎರಡು ಬಾರಿ ಇಳಿಯುವುದರೊಳಗೆ ಹುತ್ತ ಬಾಯಿಬಿಟ್ಟಿತು. ಪಾಠದಲ್ಲಿ ಇಪ್ಪತ್ತೆಂಟು ವರ್ಷ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆದು ತೋರಿಸಿದ್ದ ಆ ತೋಟಗಳನ್ನು ನಾನು ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಅಂದು: ಅಂಗೈಯಗಲದ ಬೂದು ಸುಕ್ಕಿನ ಗಡ್ಡೆಗಳು, ಅವುಗಳ ಮೇಲೆ ಬಿಳಿಯ ಕಾಳು ಚೆಲ್ಲಿದಂತೆ ಅಣಬೆಯ ಗಂಟುಗಳು, ಬಿಸಿಲಿಗೆ ತತ್ತರಿಸುವ ಗೆದ್ದಲು. ಮಗ್ಗುಲಿನ ಒಂದು ಪೊಳ್ಳಿನಿಂದ ಇಲಿಯೊಂದು ಹೊರಬಿದ್ದು ಓಡಿತು. ಒಳಗೆ ಕಣ್ಣು ಬಿಡದ ಕೆಂಪು ಮರಿಗಳು ನಾಲ್ಕೋ ಐದೋ ಇದ್ದವು. ಅದು ಯಾವ ಇಲಿಯೆಂದು ನಾನು ನೋಡಲಿಲ್ಲ. ಎಲಿಯಟ್ಟನ ಹೆಸರುಗಳನ್ನೆಲ್ಲ ಬಾಯಿಪಾಠ ಹೇಳುವ ಜೀವಶಾಸ್ತ್ರದ ಮೇಷ್ಟರು, ಗಂಟೆಗೆ ಇಷ್ಟೆಂದು ಯಂತ್ರದ ಬಾಡಿಗೆ ಲೆಕ್ಕ ಹಾಕುತ್ತ ನಿಂತಿದ್ದೆ. ನೆರೆಯವರು ಆ ಮರಿಗಳನ್ನು ಹುಲ್ಲಿನ ಸಿಂಬಿಯಲ್ಲಿ ಎತ್ತಿ ತಮ್ಮ ಬದುವಿನ ಪೊದೆಯ ಕೆಳಗಿಟ್ಟರು. ತಾಯಿ ಬಂದಿತೋ ಇಲ್ಲವೋ ಇಬ್ಬರಿಗೂ ತಿಳಿಯದು.

ಅವರು ಜನ್ಮದಲ್ಲಿ ಅಣಬೆಯನ್ನು ಮುಟ್ಟಿದವರಲ್ಲ, ನಾನು ಅಣಬೆಯನ್ನು ಬಯಸಿ ತಿಂದವನು. ತಿನ್ನುತ್ತಿದ್ದ ನಮ್ಮ ಮನೆಯವರು ಕೊಡೆಯನ್ನು ಕಿತ್ತರೂ ಹುತ್ತವನ್ನು ಉಳಿಸಿದ್ದರಿಂದ ಅದು ಮರುವರ್ಷ ಮತ್ತೆ ಏಳುತ್ತಿತ್ತು. ತಟ್ಟೆಯಲ್ಲಿ ಅಣಬೆಯಿಲ್ಲವೆಂದ ಮಾತ್ರಕ್ಕೆ ಹೊಲದಲ್ಲಿ ಅದು ಸುರಕ್ಷಿತವೆಂದಲ್ಲ ಎಂಬುದನ್ನು ಆ ಹಿರಿಯರು ನನಗಿಂತ ಮೊದಲೇ ತಿಳಿದಿದ್ದರೆಂದು ತೋರುತ್ತದೆ. ಅವರ ಹೊಲದ ಬದುವಿನಲ್ಲಿ ಎರಡು ಹುತ್ತಗಳನ್ನು ಹಾಗೆಯೇ ಬಿಟ್ಟಿದ್ದಾರೆ, ಅಡಿಕೆಯ ಸಾಲೂ ಅಲ್ಲಿ ಕೊಂಚ ಡೊಂಕಾಗಿ ಹೋಗಿದೆ. ನನ್ನ ಸಾಲುಗಳು ನೆಟ್ಟಗಿವೆ.

ಗೆದ್ದಲು ಮತ್ತೆ ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಮಳೆಯ ಸಂಜೆ ರೆಕ್ಕೆ ಬಂದು ಹಾರುವ ಹಾತೆಗಳಲ್ಲಿ ಒಂದು ಜೋಡಿ ನೆಲ ಹೊಕ್ಕರೆ ಹೊಸ ಸಂಸಾರ ಶುರುವಾಗುತ್ತದೆ. ಆದರೆ ಹೆಚ್ಚಿನ ಪ್ರಭೇದಗಳಲ್ಲಿ ಆ ಜೋಡಿ ಅಣಬೆಯ ಬೀಜವನ್ನು ತವರಿನಿಂದ ತರುವುದಿಲ್ಲ. ಮೊದಲು ಹುಟ್ಟಿದ ಕೂಲಿಗಳು ಹೊರಗೆ ಹೋಗಿ, ಬೇರೊಂದು ಹುತ್ತದ ಅಣಬೆ ಉದುರಿಸಿದ ಧೂಳಿಯನ್ನು ತರಗಿನ ಜೊತೆ ಹೊತ್ತು ತರಬೇಕು. ಸುತ್ತಮುತ್ತ ಅಣಬೆ ಏಳುವ ಹಳೆಯ ಹುತ್ತವೇ ಇಲ್ಲದಿದ್ದರೆ ಹೊಸ ತೋಟಕ್ಕೆ ಬೀಜ ಬರುವ ದಾರಿ ಕಿರಿದಾಗುತ್ತದೆ. ಮನುಷ್ಯ ಬೆಳೆಸಿ ಕೊಡಲಾರನೆಂದು ಮೊದಲೇ ಹೇಳಿದೆನಲ್ಲ, ಅದನ್ನು ನೆನಪಿಡಿರೆಂದು ಕೇಳಿದ್ದು ಇದಕ್ಕಾಗಿ.

ನಾಲ್ಕು ವರ್ಷಗಳಿಂದ ನನ್ನ ತೋಟದ ಬೇಲಿಯ ಮೂಲೆಯಲ್ಲಿ, ನೆರೆಯವರ ಹುತ್ತದಿಂದ ಮೂವತ್ತು ಮಾರು ದೂರದಲ್ಲಿ, ಮೊಣಕಾಲೆತ್ತರದ ಹೊಸ ಹುತ್ತವೊಂದು ಎದ್ದಿದೆ. ಕೂಲಿಯವರಿಗೆ ಅದನ್ನು ಮುಟ್ಟಬೇಡಿರೆಂದು ಹೇಳಿದ್ದೇನೆ; ಮೂಲೆಯ ಎರಡು ಅಡಿಕೆ ಸಸಿ ಹೋದವು, ಹೋಗಲಿ. ಕಳೆದ ಮುಂಗಾರಿನಲ್ಲಿ ಆರಿದ್ರಾ, ಪುನರ್ವಸು ಎರಡೂ ಮಳೆ ಚೆನ್ನಾಗಿ ಆದವು. ದಿನವೂ ಬೆಳಿಗ್ಗೆ ಹೋಗಿ ನೋಡಿದೆ. ನೆರೆಯವರ ಹುತ್ತದ ಸುತ್ತ ಅಣಬೆ ಎದ್ದಿತ್ತು. ನನ್ನದರಲ್ಲಿ ಇನ್ನೂ ಎದ್ದಿಲ್ಲ.